ಖಾಲಿ ಖೋಕಾದ ಮೇಲಿನ ಗೀರು: ತಪ್ಪು ಯಾರದು?

1/10

ಎನ್‌ಸಿಸಿ ಕ್ಯಾಂಪಿನಲ್ಲಿ ಫೈರಿಂಗ್ ಇದ್ದ ದಿನ. ಐದು ಲೇನು, ಐದು ಪಾಯಿಂಟ್ ಟೂಟೂ ರೈಫಲ್. ನಾನು ಮೂರನೇ ಲೇನಿನಲ್ಲಿ ಮಲಗಿದ್ದೆ. ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದು ಹಾರಿತು, ಆದರೆ ಖಾಲಿ ಖೋಕಾ ಹೊರಗೆ ಬರಲಿಲ್ಲ. ಬೋಲ್ಟ್ ಎಳೆದೆ, ಬರೀ ಬೋಲ್ಟ್ ಬಂತು, ಖೋಕಾ ಒಳಗೇ ಉಳೀತು. ಹೇಳಿಕೊಟ್ಟ ಹಾಗೆ ಬಂದೂಕನ್ನ ಗುರಿ ಕಡೆಗೇ ಇಟ್ಟು ಕೈ ಎತ್ತಿದೆ. ಉಸ್ತಾದ್ ಬಂದು ತೆಗೆದುಕೊಟ್ಟರು. ಹಿಂದಿಂದ ಯಾರೋ ಅಂದರು: "ಹುಡುಗಿ ಕೈಯಾಗ ಬಲ ಇಲ್ಲ, ಬೋಲ್ಟ್ ಸರಿ ಎಳೆದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು.

ಫೈರಿಂಗ್ ಮುಗಿದ ಮೇಲೆ ಖೋಕಾ ಎಣಿಸಿ ವಾಪಸ್ ಕೊಡಬೇಕು, ಒಂದೂ ಕಡಿಮೆ ಆಗೋ ಹಾಗಿಲ್ಲ. ಎಣಿಸೋ ಕೆಲಸ ನನಗೇ ಬಂತು. ಆಗ ನೋಡಿದೆ: ಮೂರನೇ ಲೇನಿನ ಖೋಕಾಗಳ ಮೇಲೆ ಮಾತ್ರ ಉದ್ದಕ್ಕೆ ಒಂದು ತೆಳ್ಳನೆ ಗೀರು. ನನ್ನವುಗಳ ಮೇಲೂ ಇತ್ತು, ನನಗಿಂತ ಮೊದಲು ಅಲ್ಲಿ ಮಲಗಿದ್ದ ಗಟ್ಟಿಮುಟ್ಟಾದ ಹುಡುಗರ ಖೋಕಾ ಮೇಲೂ ಇತ್ತು. ಬೇರೆ ಲೇನಿನವು ನುಣ್ಣಗಿದ್ದವು.

ಕೈ ಬೇರೆ ಬೇರೆ, ಗೀರು ಒಂದೇ. ಹಾಗಾದರೆ ತಪ್ಪು ಕೈಯದಾ, ಬಂದೂಕಿನದಾ?

ಆ ಗೀರಿನ ಹಿಂದೆ ಹೋದರೆ ನೂರೈವತ್ತು ವರ್ಷದ ಇತಿಹಾಸ ಸಿಗ್ತದೆ. ಅದು ಕೊನೆಗೆ ನಮ್ಮ ಕೂಡ್ಲಿಗಿಗೇ ಬಂದು ನಿಲ್ತದೆ. ಹತ್ತು ಭಾಗ ಇದೆ, ಸೇವ್ ಮಾಡಿಟ್ಟು ನಿಧಾನಕ್ಕೆ ಓದಿ.

2/10

ಮೊದಲು ಒಂದು ಅಡುಗೆಮನೆ ಉದಾಹರಣೆ. ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು ಕೆಲವೊಮ್ಮೆ ಸಿಕ್ಕಿಕೊಂಡು ಬಿಡ್ತವೆ. ಅವ್ವ ಏನು ಮಾಡ್ತಾಳೆ? ಒಳಗಿನ ಲೋಟಕ್ಕೆ ತಣ್ಣೀರು ಹಾಕಿ, ಹೊರಗಿನದನ್ನ ಬಿಸಿನೀರಲ್ಲಿ ಇಡ್ತಾಳೆ. ಒಳಗಿನದು ಕುಗ್ಗುತ್ತೆ, ಹೊರಗಿನದು ಹಿಗ್ಗುತ್ತೆ, ಸುಲಭವಾಗಿ ಬಿಡುತ್ತೆ.

ಬಂದೂಕಿನೊಳಗೆ ಇದರದೇ ಆಟ. ತೋಟಾ ಅಂದರೆ ಹಿತ್ತಾಳೆಯ ಸಣ್ಣ ಲೋಟ: ಒಳಗೆ ಮದ್ದು, ಬಾಯಲ್ಲಿ ಗುಂಡು. ಅದು ಕೂರೋ ಜಾಗಕ್ಕೆ ಚೇಂಬರ್ ಅಂತಾರೆ. ಮದ್ದು ಉರಿದಾಗ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟುತ್ತೆ. ಅದು ಅಂಟಲೇಬೇಕು, ಇಲ್ಲದಿದ್ದರೆ ಬಿಸಿ ಅನಿಲ ಹಿಂದಕ್ಕೆ ಹೊಡೆದು ಮುಖ ಸುಡುತ್ತೆ. ಗುಂಡು ನಳಿಕೆ ದಾಟಿ ಒತ್ತಡ ಇಳಿದ ಮೇಲೆ ಹಿತ್ತಾಳೆ ಕೂದಲೆಳೆಯಷ್ಟು ಕುಗ್ಗುತ್ತೆ. ಆಗ ಎಕ್ಸ್‌ಟ್ರಾಕ್ಟರ್ ಅನ್ನೋ ಉಕ್ಕಿನ ಉಗುರು ಖೋಕಾದ ಅಂಚು ಹಿಡಿದು ಎಳೆಯುತ್ತೆ, ಎಜೆಕ್ಟರ್ ತಳಕ್ಕೆ ತಟ್ಟಿ ಹೊರಗೆ ಎಸೆಯುತ್ತೆ.

ಹಿಗ್ಗಬೇಕು, ಕುಗ್ಗಬೇಕು, ಬಿಡಬೇಕು. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಲೋಹ ಮೆತ್ತಗಿದ್ದರೆ, ಚೇಂಬರ್ ಒರಟಾಗಿದ್ದರೆ, ಮಸಿ ಕಟ್ಟಿದ್ದರೆ, ಅಥವಾ ಒತ್ತಡ ಇಳಿಯೋ ಮೊದಲೇ ಎಳೆದರೆ ಖೋಕಾ ಸಿಕ್ಕಿಕೊಳ್ಳುತ್ತೆ.

ಈ ಕೆಲಸದಲ್ಲಿ ಉಕ್ಕು ಗಟ್ಟಿ, ಹಿತ್ತಾಳೆ ಮೆತ್ತಗೆ. ಹಾಗಾಗಿ ಉಕ್ಕು ಮಾಡಿದ್ದನ್ನೆಲ್ಲ ಹಿತ್ತಾಳೆ ತನ್ನ ಮೈಮೇಲೆ ಬರೆದುಕೊಳ್ಳುತ್ತೆ.

3/10

ನಮ್ಮ ಕಡೆಯ ಹಳೇ ಯುದ್ಧಗಳಲ್ಲಿ ಈ ಬರಹ ಇರಲಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳೋ ಕಾಯ್ದೆ ತಂದಾಗ ಮುಧೋಳ ಹತ್ತಿರದ ಹಲಗಲಿ ಬೇಡರು ತಿರುಗಿಬಿದ್ದರು. 1858ರಲ್ಲಿ ಹೂವಿನ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗೋ ಮುಂಡರಗಿಯ ಭೀಮರಾಯ ದಂಗೆ ಎದ್ದು, ಕೊಪ್ಪಳ ಕೋಟೆಯಲ್ಲಿ ಹೋರಾಡಿ ಸತ್ತ. ಆಗ ನಮ್ಮ ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು, ಮದ್ರಾಸ್ ಪ್ರೆಸಿಡೆನ್ಸಿಯ ಕೆಳಗೆ.

ಆ ಕಾಲದ ಬಂದೂಕಿಗೆ ಮದ್ದು, ಗುಂಡು ಎರಡನ್ನೂ ಬಾಯಿಂದಲೇ ತುಂಬಿ ಜಡಿಯಬೇಕಿತ್ತು. ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಿದ್ದ ಆ ಕೊಬ್ಬಿನ ತೋಟಾ, ನಾವೆಲ್ಲ ಎಂಟನೇ ಕ್ಲಾಸಲ್ಲಿ ಓದಿದ್ದು, ಅದೂ ಬರೀ ಕಾಗದದ್ದೇ. ಕಾಗದ ಉರಿದು ಹೋಗುತ್ತೆ. ಹೊರಗೆ ಎಳೆಯೋಕೆ ಏನೂ ಇಲ್ಲ, ಸಿಕ್ಕಿಕೊಳ್ಳೋಕೂ ಏನೂ ಇಲ್ಲ. ಯಾರು ಎಲ್ಲಿ ನಿಂತು ಹೊಡೆದರು ಅನ್ನೋದಕ್ಕೆ ನೆಲದ ಮೇಲೆ ಖೋಕಾದ ಸಾಕ್ಷಿಯೂ ಉಳಿಯೋದಿಲ್ಲ.

ಹಲಗಲಿಯವರ ಕಡೆಯ ಕಥೆ ಲಾವಣಿಯಲ್ಲಿ ಉಳೀತು, ಕಂಪನಿ ಕಡೆಯ ಕಥೆ ಅಧಿಕಾರಿಗಳ ಕಾಗದದಲ್ಲಿ ಉಳೀತು. ಎರಡರ ನಡುವೆ ನಿಂತು ಸಾಕ್ಷಿ ಹೇಳೋ ಮೂರನೇ ವಸ್ತು, ಲೋಹದ ಖೋಕಾ, ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ.

1857ರ ನಂತರ ಇನ್ನೊಂದು ಪದ್ಧತಿ ಶುರುವಾಯ್ತು: ಭಾರತೀಯ ಸಿಪಾಯಿಗೆ ಬ್ರಿಟಿಷ್ ಸೈನಿಕನಿಗಿಂತ ಒಂದು ತಲೆಮಾರು ಹಿಂದಿನ ಬಂದೂಕು. ಗೋರಾಗಳಿಗೆ ಹೊಸ ಮಾರ್ಟಿನಿ-ಹೆನ್ರಿ, ನಮ್ಮವರಿಗೆ ಹಳೇ ಸ್ನೈಡರ್. ಆದರೆ ಆ ಹೊಸ ಮಾರ್ಟಿನಿಯ ಹೊಟ್ಟೆಯಲ್ಲೇ ಒಂದು ರೋಗ ಇತ್ತು.

4/10

ಮಾರ್ಟಿನಿ-ಹೆನ್ರಿ 1871ರಲ್ಲಿ ಬ್ರಿಟಿಷ್ ಸೇನೆಗೆ ಬಂತು. ಅದರ ತೋಟಾ ಗಟ್ಟಿ ಹಿತ್ತಾಳೆಯದಲ್ಲ. ತೆಳ್ಳನೆಯ ಹಿತ್ತಾಳೆ ಹಾಳೆಯನ್ನ ಬೀಡಿ ಸುತ್ತಿದ ಹಾಗೆ ಸುತ್ತಿ, ತಳಕ್ಕೆ ಬೇರೆ ಲೋಹದ ಬಿಲ್ಲೆ ಜೋಡಿಸಿದ್ದು. ಕಾರ್ಖಾನೆಯಲ್ಲಿ ಚೆನ್ನಾಗಿತ್ತು. ಸುಡಾನಿನ ಮರಳಲ್ಲಿ ಬಂದೂಕು ಕಾದಾಗ ತೊಂದರೆ ಶುರು. ಹಾಳೆ ಚೇಂಬರಿಗೆ ಅಂಟಿಕೊಳ್ಳೋದು, ಉಗುರು ಎಳೆದಾಗ ತಳ ಕಿತ್ತು ಬರೋದು, ಉಳಿದ ಮೈ ಒಳಗೇ ಇರೋದು.

1885ರ ಜನವರಿ 17, ಅಬು ಕ್ಲಿಯಾ ಕದನ. ಎದುರಿಗೆ ಮಹ್ದಿಯ ಪಡೆ ನುಗ್ಗಿ ಬರ್ತಿದೆ, ಸೈನಿಕರ ಬಂದೂಕುಗಳು ಜಾಮ್ ಆಗ್ತಿವೆ. ಆಮೇಲೆ ಲಂಡನ್ನಿನಲ್ಲಿ ದೊಡ್ಡ ಗದ್ದಲ ಆಯ್ತು. ಕೊನೆಗೆ ಬದಲಾಗಿದ್ದು ಸೈನಿಕರ ಕೈಯಲ್ಲ, ತೋಟಾ ಮತ್ತು ಬಂದೂಕು. ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆ ಖೋಕಾ ಬಂತು, ಎಳೆಯೋಕೆ ಹೆಚ್ಚು ಬಲ ಸಿಗಲಿ ಅಂತ ಮಾರ್ಟಿನಿಯ ಹಿಡಿಕೆಯನ್ನೂ ಉದ್ದ ಮಾಡಿದರು.

ಹರಿದ ಅಂಚು ಒಂದು ವಾಕ್ಯ ಇದ್ದ ಹಾಗೆ: "ಎಳೆಯೋನು ಎಳೆದ, ನಾನೇ ಬಿಡಲಿಲ್ಲ."

5/10

ಈಗ ಉಲ್ಟಾ ಕಥೆ. 1876ರ ಜೂನ್ 25, ಅಮೆರಿಕದ ಲಿಟಲ್ ಬಿಗ್‌ಹಾರ್ನ್. ಲಕೋಟ ಮತ್ತು ಶಯೆನ್ ಬುಡಕಟ್ಟಿನವರು ಜನರಲ್ ಕಸ್ಟರ್‌ನ ತುಕಡಿಯನ್ನ ಪೂರ್ತಿ ನಾಶ ಮಾಡಿದರು. ಸೇನೆಗೆ ಅವಮಾನ. ಕಾರಣ ಹುಡುಕಿದಾಗ ಕೈಗೆ ಸಿಕ್ಕಿದ್ದು ಬಂದೂಕು: 1873ರ ಸ್ಪ್ರಿಂಗ್‌ಫೀಲ್ಡ್‌ನ ತಾಮ್ರದ ಖೋಕಾ ಸಿಕ್ಕಿಕೊಳ್ಳುತ್ತಿತ್ತು, ಸೈನಿಕರು ಚಾಕುವಿನಿಂದ ಕೆದಕ್ತಾ ಸತ್ತರು ಅಂತ. ನೂರು ವರ್ಷ ಈ ಮಾತು ನಡೀತು.

1983ರಲ್ಲಿ ಅಲ್ಲಿ ಕಾಡ್ಗಿಚ್ಚು ಬಿದ್ದು ಹುಲ್ಲೆಲ್ಲ ಸುಟ್ಟು ನೆಲ ಕಾಣಿಸ್ತು. 1984ರಿಂದ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಅನ್ನೋ ಪುರಾತತ್ವಜ್ಞರು ಮೆಟಲ್ ಡಿಟೆಕ್ಟರ್ ಹಿಡಿದು ಖೋಕಾ, ಗುಂಡು ಎಲ್ಲ ಆರಿಸಿ, ಎಲ್ಲಿ ಸಿಕ್ಕಿತು ಅಂತ ನಕ್ಷೆ ಮಾಡಿದರು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಗುರುತು ಓದಿದರು. ಒಂದೇ ಬಂದೂಕಿನ ಖೋಕಾ ಇಲ್ಲಿ ಒಂದು, ಅಲ್ಲಿ ಒಂದು ಸಿಕ್ಕರೆ ಆ ಬಂದೂಕು ಹಿಡಿದವನು ಓಡಾಡಿದ ದಾರಿ ಗೊತ್ತಾಗುತ್ತೆ. ಹೆಸರು ಬರೆದಿಡದ ಯೋಧರ ಹೆಜ್ಜೆ ಹಾಗೆ ಸಿಕ್ಕಿತು.

ಚಾಕುವಿನಿಂದ ಕೆದಕಿದ ಗುರುತು? ನೂರರಲ್ಲಿ ಕೆಲವೇ ಕೆಲವು ಖೋಕಾಗಳ ಮೇಲೆ. ತೊಂದರೆ ಇದ್ದಿದ್ದು ನಿಜ, ಆದರೆ ಸೋಲಿಗೆ ಅದೇ ಕಾರಣ ಅನ್ನೋ ಹಾಗಿಲ್ಲ. ಎದುರಾಳಿಗಳು ಹೆಚ್ಚು ಜನ ಇದ್ದರು, ಚೆನ್ನಾಗಿ ಹೋರಾಡಿದರು, ಅವರ ಕೈಯಲ್ಲಿ ಬೇಗ ಬೇಗ ಹಾರಿಸೋ ಬಂದೂಕುಗಳೂ ಇದ್ದವು. ಗೆದ್ದವರ ಗೆಲುವನ್ನ ಒಪ್ಪಿಕೊಳ್ಳೋಕೆ ಆಗದೆ ಬಂದೂಕಿನ ಮೇಲೆ ಹಾಕಿದ್ದರು.

ಮಾರ್ಟಿನಿಯಲ್ಲಿ ಖೋಕಾ ಸೈನಿಕನ ಪರ ಸಾಕ್ಷಿ ಹೇಳಿತು. ಇಲ್ಲಿ ಸೈನ್ಯ ಕಟ್ಟಿದ ನೆಪದ ವಿರುದ್ಧ ಹೇಳಿತು. ಖೋಕಾ ಯಾರ ಪಕ್ಷವೂ ಅಲ್ಲ.

6/10

ಇಲ್ಲಿವರೆಗೆ ಖೋಕಾ ಎಳೆಯೋದು ಮನುಷ್ಯನ ಕೈ. ಸೆಮಿ-ಆಟೋಮ್ಯಾಟಿಕ್ ರೈಫಲ್ ಬಂದ ಮೇಲೆ ಆ ಕೆಲಸ ಅನಿಲಕ್ಕೆ ಹೋಯ್ತು.

1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಲಿ ಇದ್ದಿದ್ದು ಪಾಯಿಂಟ್ ತ್ರೀನಾಟ್ತ್ರೀ. ಪ್ರತಿ ಗುಂಡಿಗೂ ಬೋಲ್ಟ್ ಎಳೀಬೇಕು. ಎದುರಿನವರ ಹತ್ತಿರ ತಾನೇ ಲೋಡ್ ಆಗೋ ಬಂದೂಕುಗಳಿದ್ದವು. ಆ ಯುದ್ಧದ ನಂತರ ಕೋಲ್ಕತ್ತಾ ಹತ್ತಿರದ ಇಶಾಪುರ ಕಾರ್ಖಾನೆಯ 7.62 ಮಿ.ಮೀ. ಎಸ್‌ಎಲ್‌ಆರ್ ಸೇನೆಯ ಮುಖ್ಯ ರೈಫಲ್ ಆಯ್ತು. ಸೆಲ್ಫ್ ಲೋಡಿಂಗ್ ರೈಫಲ್ ಅಂತ ಪೂರ್ತಿ ಹೆಸರು, 20 ಗುಂಡಿನ ಮ್ಯಾಗಜಿನ್. ಆಮೇಲೆ ಪೊಲೀಸರ ಕೈಗೂ ಬಂತು. ಬಂದೋಬಸ್ತಿನಲ್ಲಿ ಉದ್ದನೆಯ ನಳಿಕೆಯ ಆ ರೈಫಲ್ ಹಿಡಿದವರನ್ನ ನಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ.

ಕೆಲಸ ಹೀಗೆ: ಗುಂಡು ನಳಿಕೆಯಲ್ಲಿ ಮುಂದೆ ಹೋಗ್ತಿದ್ದಾಗ ಒಂದು ಸಣ್ಣ ತೂತಿನಿಂದ ಸ್ವಲ್ಪ ಅನಿಲ ಪಿಸ್ಟನ್ನಿಗೆ ಹೋಗುತ್ತೆ. ಪಿಸ್ಟನ್ ಬ್ರೀಚನ್ನ ಹಿಂದಕ್ಕೆ ತಳ್ಳುತ್ತೆ, ಖೋಕಾ ಹೊರಗೆ ಬೀಳುತ್ತೆ, ಹೊಸ ತೋಟಾ ಒಳಗೆ ಹೋಗುತ್ತೆ. ಎಷ್ಟು ಅನಿಲ ಬೇಕು ಅಂತ ತಿರುಗಿಸಿ ಹೊಂದಿಸೋಕೆ ಗ್ಯಾಸ್ ರೆಗ್ಯುಲೇಟರ್ ಇದೆ.

ಅನಿಲ ಕಡಿಮೆಯಾದರೆ ಬ್ರೀಚ್ ಅರ್ಧ ದಾರಿಗೆ ನಿಲ್ಲುತ್ತೆ, ಖೋಕಾ ಪೂರ್ತಿ ಹೊರಗೆ ಹೋಗಲ್ಲ. ಜಾಸ್ತಿಯಾದರೆ ಹಿತ್ತಾಳೆ ಸರಿಯಾಗಿ ಕುಗ್ಗೋ ಮೊದಲೇ ಜೋರಾಗಿ ಎಳೆಯುತ್ತೆ, ಅಂಚು ಕಚ್ಚಿಹೋಗುತ್ತೆ. ಅದಕ್ಕೇ ಎಸ್‌ಎಲ್‌ಆರ್ ತರಬೇತಿಯಲ್ಲಿ "ಗ್ಯಾಸ್ ಸ್ಟಾಪೇಜ್" ಅನ್ನೋದು ಪಾಠದ ಭಾಗ. ಬಂದೂಕು ನಿಂತರೆ ಬೈಯೋದಲ್ಲ, ಮೊದಲು ಒಳಗೆ ನೋಡು.

7/10

ಖೋಕಾ ಓದೋದು ಹೇಗೆ? ಇದು ಗೊತ್ತಿರೋ ಉಸ್ತಾದರು ನೋಡೋ ಕ್ರಮ. ನಾವು ಕ್ಯಾಡೆಟ್‌ಗಳು ಕೈ ಎತ್ತಿ ಸುಮ್ಮನಿರಬೇಕು, ಬಂದೂಕು ಬಿಚ್ಚೋದು ನಮ್ಮ ಕೆಲಸ ಅಲ್ಲ.

ಅಂಚು ಹರಿದಿದ್ದರೆ: ಉಗುರು ಸರಿಯಾಗಿ ಹಿಡಿದಿತ್ತು, ಖೋಕಾ ಬಿಡಲಿಲ್ಲ. ಚೇಂಬರ್ ಒರಟು, ಕೊಳಕು, ಅಥವಾ ಎಳೆದಿದ್ದು ಬೇಗ ಆಯ್ತು.

ಅಂಚು ಚೆನ್ನಾಗಿದ್ದೂ ಖೋಕಾ ಒಳಗೇ ಉಳಿದರೆ: ಉಗುರು ಜಾರಿದೆ. ಸವೆದಿರಬಹುದು, ಅದರ ಸ್ಪ್ರಿಂಗ್ ಸೋತಿರಬಹುದು, ಕೆಳಗೆ ಕಸ ಕೂತಿರಬಹುದು.

ಎಲ್ಲ ಖೋಕಾದ ಮೇಲೂ ಒಂದೇ ಜಾಗದಲ್ಲಿ ಉದ್ದ ಗೀರು: ಚೇಂಬರಿನಲ್ಲಿ ಏನೋ ಚುಚ್ಚುತ್ತಿದೆ.

ಮೈ ಮೇಲೆ ತಗ್ಗು, ಬಂದೂಕಿನ ಬದಿಯಲ್ಲಿ ಹಳದಿ ಹಿತ್ತಾಳೆ ಬಣ್ಣ: ಹೊರಗೆ ಹಾರುವಾಗ ಅಂಚಿಗೆ ಬಡಿದಿದೆ. ಎಷ್ಟೋ ಸೆಮಿ-ಆಟೋಮ್ಯಾಟಿಕ್ ರೈಫಲ್‌ಗಳಲ್ಲಿ ಇದು ಮಾಮೂಲು, ರೋಗ ಅಲ್ಲ.

ಇನ್ನೊಂದು ತಮಾಷೆ. ಜರ್ಮನಿಯ ಜಿ-3 ರೈಫಲ್‌ನ ಖೋಕಾ ನೋಡಿದರೆ ಗಾಬರಿ ಆಗುತ್ತೆ, ಸುತ್ತಲೂ ಉದ್ದುದ್ದ ಕಪ್ಪು ಗೆರೆ. ಅದು ಬೇಕಂತಲೇ ಮಾಡಿದ್ದು. ಚೇಂಬರಿನಲ್ಲಿ ಸಣ್ಣ ಕಾಲುವೆ ಕೊರೆದಿದ್ದಾರೆ, ಅನಿಲ ಖೋಕಾದ ಸುತ್ತ ನುಗ್ಗಿ ಅದು ಗೋಡೆಗೆ ಅಂಟದ ಹಾಗೆ ನೋಡಿಕೊಳ್ಳುತ್ತೆ.

ಅಂದರೆ ಗುರುತು ಕಂಡ ಕೂಡಲೇ ತಪ್ಪು ಅಂತಲ್ಲ. ಪ್ರತಿ ಗುರುತಿಗೂ ಒಂದು ಕಾರಣ ಇದೆ, ಅಷ್ಟೇ. ಒಂದೇ ಖೋಕಾ ನೋಡಿ ತೀರ್ಪು ಕೊಡಬಾರದು. ಹತ್ತು ನೋಡಬೇಕು, ಪಕ್ಕದ ಬಂದೂಕಿನದನ್ನೂ ಇಟ್ಟು ಹೋಲಿಸಬೇಕು.

8/10

ಈ ಪಾಠ ಕಲಿಯೋಕೆ ತಡ ಮಾಡಿದ್ದಕ್ಕೆ ಜೀವ ಹೋದ ಕಥೆ ಎಂ-16ರದು. ವಿಯೆಟ್ನಾಂ ಯುದ್ಧ, 1966-67. ಅಮೆರಿಕದ ಹುಡುಗರಿಗೆ ಹಗುರವಾದ ಹೊಸ ರೈಫಲ್ ಕೊಟ್ಟರು. ಇದಕ್ಕೆ ಸ್ವಚ್ಛತೆ ಅಷ್ಟು ಬೇಕಾಗಲ್ಲ ಅನ್ನೋ ಮಾತು ಹಬ್ಬಿತ್ತು, ಎಷ್ಟೋ ಜನಕ್ಕೆ ಕ್ಲೀನಿಂಗ್ ಕಿಟ್ಟೇ ಸಿಗಲಿಲ್ಲ. ಬಂದೂಕು ಪರೀಕ್ಷೆ ಮಾಡಿದಾಗ ಇದ್ದ ಮದ್ದು ಒಂದು, ಆಮೇಲೆ ತೋಟಾದಲ್ಲಿ ತುಂಬಿದ ಮದ್ದು ಇನ್ನೊಂದು. ಹೊಸ ಮದ್ದಿಗೆ ಬಂದೂಕು ಇನ್ನೂ ವೇಗವಾಗಿ ಓಡ್ತಿತ್ತು, ಮಸಿಯೂ ಜಾಸ್ತಿ. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಆ ಮಳೆ ಹವೆಯಲ್ಲಿ ತುಕ್ಕು ಹಿಡೀತು.

ಪರಿಣಾಮ? ಖೋಕಾ ಒಳಗೇ ಸಿಕ್ಕಿಕೊಂಡಿತು. ಸೆಮಿ-ಆಟೋಮ್ಯಾಟಿಕ್ ಇರಲಿ, ಫುಲ್ ಆಟೋಮ್ಯಾಟಿಕ್ ಇರಲಿ, ಒಂದು ಖೋಕಾ ಬಿಡದಿದ್ದರೆ ಬಂದೂಕು ಬರೀ ಕೋಲು. ಗುಂಡಿನ ಮಳೆ ನಡುವೆ ಸೈನಿಕರು ನಳಿಕೆ ಬಾಯಿಂದ ಕಡ್ಡಿ ಹಾಕಿ ಖೋಕಾ ತಳ್ಳಬೇಕಾಯ್ತು.

ಮೊದಲು ಬಂದ ಉತ್ತರ ಏನು ಗೊತ್ತಾ? "ಸೈನಿಕರು ಸರಿಯಾಗಿ ಒರೆಸಿಲ್ಲ." ಕಿಟ್ ಕೊಡದವರೇ ಒರೆಸಿಲ್ಲ ಅಂದರು! ಹುಡುಗರು ಮನೆಗೆ ಕಾಗದ ಬರೆದರು, ಮನೆಯವರು ಸಂಸದರಿಗೆ ಕೊಟ್ಟರು. 1967ರಲ್ಲಿ ಇಚರ್ಡ್ ಅನ್ನೋ ಸಂಸದನ ಉಪಸಮಿತಿ ವಿಚಾರಣೆ ಮಾಡಿ, ಮದ್ದು ಬದಲಿಸಿದ್ದೂ ಸೇರಿ ಮೇಲಿನವರ ನಿರ್ಧಾರಗಳನ್ನ ಕಟುವಾಗಿ ಟೀಕಿಸಿತು. ಆಮೇಲೆ ಚೇಂಬರಿಗೆ ಕ್ರೋಮ್ ಬಂತು, ಕಿಟ್ ಬಂತು. ಸ್ವಚ್ಛ ಮಾಡೋದನ್ನ ಕಲಿಸೋಕೆ ಕಾಮಿಕ್ಸ್ ಪುಸ್ತಕ ಕೂಡ ಬಂತು, ಚಿತ್ರ ಬರೆದಿದ್ದು ಪ್ರಸಿದ್ಧ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್.

ಬೈಗುಳ ಯಾವಾಗಲೂ ಕೆಳಗಿನ ಕೈಗೆ ಮೊದಲು ಬೀಳುತ್ತೆ. ಸಾಕ್ಷಿ ಆಮೇಲೆ ಬರುತ್ತೆ, ಎಷ್ಟೋ ಸಲ ತಡವಾಗಿ.

9/10

ಈಗ ನಮ್ಮೂರಿಗೆ ಬನ್ನಿ. ಬಂದೂಕಿನ ರೋಗ ಹೇಳೋ ಆ ಗುರುತುಗಳೇ ಬಂದೂಕಿನ ಗುರುತನ್ನೂ ಹೇಳ್ತವೆ. ಪಿನ್ನು ಹೊಡೆದ ತಗ್ಗು, ಉಗುರಿನ ಕಚ್ಚು, ತಳದ ಮೇಲಿನ ಗೀರು, ಇವು ಬಂದೂಕಿಂದ ಬಂದೂಕಿಗೆ ಬೇರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಖೋಕಾ ಪಕ್ಕಪಕ್ಕ ಇಟ್ಟು ನೋಡೋ ಮೈಕ್ರೋಸ್ಕೋಪ್ ಬಳಕೆಗೆ ಬಂದ ಮೇಲೆ ನ್ಯಾಯಾಲಯಗಳೂ ಇದನ್ನ ಕೇಳೋಕೆ ಶುರು ಮಾಡಿದವು.

ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಹುತಾತ್ಮರ ಸ್ಮಾರಕ ಇದೆ. ಎಷ್ಟು ಸಲ ಅದರ ಮುಂದೆ ಹಾದು ಹೋಗಿದ್ದೀವಿ! 1948ರ ಜನವರಿ 30ರಂದು ಅವರನ್ನ ಕೊಂದಿದ್ದು ಇಟಲಿಯ ಬೆರೆಟ್ಟಾ ಸೆಮಿ-ಆಟೋಮ್ಯಾಟಿಕ್ ಪಿಸ್ತೂಲು. ಹೊಡೆದವನು ಅಲ್ಲೇ ಸಿಕ್ಕಿದ್ದ, ನೂರಾರು ಜನ ನೋಡಿದ್ದರು. ಆದರೂ ಕೆಂಪುಕೋಟೆಯ ವಿಶೇಷ ನ್ಯಾಯಾಲಯದ ಮುಂದೆ ಖೋಕಾ ಮತ್ತು ಗುಂಡಿನ ಪರೀಕ್ಷೆಯ ಸಾಕ್ಷಿ ಇಟ್ಟರು, ಅವು ಆ ಪಿಸ್ತೂಲಿನವೇ ಅಂತ ತೋರಿಸೋಕೆ. ಕಣ್ಣಿಗೆ ಕಂಡಿದ್ದನ್ನೂ ಪರೀಕ್ಷೆ ಮಾಡಿಯೇ ಹೇಳಬೇಕು ಅನ್ನೋದು ನ್ಯಾಯ.

ಇನ್ನೊಂದು ಹತ್ತಿರದ್ದು. ವಚನಗಳ ಸಂಶೋಧಕ ಎಂ.ಎಂ. ಕಲಬುರ್ಗಿ ಅವರು ನಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಅವರನ್ನ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ. ಎರಡು ಊರು, ಎರಡು ವರ್ಷದ ಅಂತರ. ಎರಡೂ ಕಡೆ ಸಿಕ್ಕ ಖೋಕಾ, ಗುಂಡುಗಳನ್ನ ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಹಾರಿದವು ಅಂತ ವರದಿ ಕೊಟ್ಟಿತು. ಬೇರೆ ಬೇರೆ ಅಂದುಕೊಂಡಿದ್ದ ಎರಡು ಸಾವುಗಳನ್ನ ಹಿತ್ತಾಳೆ ಮೇಲಿನ ಗುರುತು ಒಂದು ದಾರಕ್ಕೆ ಕಟ್ಟಿತು. ಯಾರು ತಪ್ಪಿತಸ್ಥರು ಅಂತ ಹೇಳೋದು ನ್ಯಾಯಾಲಯದ ಕೆಲಸ, ನಮ್ಮ ಕಮೆಂಟ್ ಬಾಕ್ಸಿನದಲ್ಲ.

10/10

ಹಿತ್ತಾಳೆ ಸುಳ್ಳು ಹೇಳಲ್ಲ, ಸರಿ. ಆದರೆ ಓದೋರು ತಪ್ಪು ಓದಬಹುದು. 2009ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಒಂದು ವರದಿ, ಈ ಗುರುತು ಹೋಲಿಕೆ ಎಷ್ಟು ಸಲ ತಪ್ಪಾಗುತ್ತೆ ಅಂತ ಇನ್ನೂ ಗಟ್ಟಿಯಾದ ಅಧ್ಯಯನ ಬೇಕು ಅಂತ ಹೇಳಿತು. ಹಾಗಾಗಿ ಗೀರು ಒಂದು ಸಾಕ್ಷಿ. ಅದನ್ನ ಉಳಿದ ಸಾಕ್ಷಿಗಳ ಜೊತೆ ಇಟ್ಟೇ ನೋಡಬೇಕು. ಇತಿಹಾಸ ಓದೋದೂ ಹೀಗೇ ಅಲ್ವಾ? ಒಂದು ಶಾಸನ, ಒಂದು ಲಾವಣಿ, ಒಂದು ಗೆಜೆಟಿಯರ್ ಇಟ್ಟುಕೊಂಡು ಮುಗೀತು ಅನ್ನೋ ಹಾಗಿಲ್ಲ.

ಮತ್ತೆ ಕ್ಯಾಂಪಿಗೆ. ಖೋಕಾ ಎಣಿಸಿ ಕೊಡುವಾಗ ಮೂರನೇ ಲೇನಿನ ಆರೇಳು ಖೋಕಾ ಸಾಲಾಗಿ ಇಟ್ಟು ಉಸ್ತಾದರಿಗೆ ತೋರಿಸಿದೆ. ಅವರು ಒಂದನ್ನ ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿದರು. ಏನೂ ಹೇಳಲಿಲ್ಲ. ಮರುದಿನ ಆ ರೈಫಲ್ ಲೇನಿಗೆ ಬಂದಿರಲಿಲ್ಲ. ಸಂಜೆ ಕೋತ್ ಮುಂದೆ ಅದರ ಚೇಂಬರನ್ನ ಬ್ರಷ್ ಹಾಕಿ ತಿಕ್ತಾ ಇದ್ದರು. ಮೂರನೇ ದಿನ ಅದೇ ರೈಫಲ್ ವಾಪಸ್ ಬಂತು, ನನ್ನ ಐದೂ ಖೋಕಾ ಒಂದೇ ಎಳೆತಕ್ಕೆ ಬಂದವು. ನನ್ನ ಕೈ ಅದೇ ಕೈ.

ನಕ್ಕವರು ಸಾರಿ ಕೇಳಲಿಲ್ಲ. ಕೇಳಬೇಕು ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ನಮ್ಮ ಪಾಳಿ ಮುಗಿಸಿ ಬರುವಾಗ ಒಬ್ಬ ಜೂನಿಯರ್ ಹುಡುಗಿಯ ಖೋಕಾ ಇನ್ನೊಂದು ಲೇನಿನಲ್ಲಿ ಸಿಕ್ಕಿಕೊಂಡಿತು. ಹಿಂದಿಂದ ಮತ್ತೆ ಅದೇ ಮಾತು ಶುರುವಾಗೋದರೊಳಗೆ ನಾನು ಕೇಳಿದೆ: "ಮೊದಲು ಖೋಕಾ ನೋಡೋಣು?"

ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ದೋಸ್ತರೇ, ನಿಮ್ಮ ಕಾಲೇಜಿನಲ್ಲೂ ಯಾರನ್ನಾದರೂ ಹೀಗೆ ಸುಮ್ಮನೆ ಬೈದಿದ್ದಾರಾ? ಆಮೇಲೆ ಸಾಕ್ಷಿ ಬೇರೆಯೇ ಹೇಳಿತಾ? ಕೆಳಗೆ ಬರೀರಿ. ಯಾರ ಹೆಸರೂ ಹಾಕಬೇಡಿ, ಏನಾಯ್ತು ಅಷ್ಟು ಹೇಳಿ.

#ಖಾಲಿಖೋಕಾ #ನಮ್ಮವಿಜಯನಗರಜಿಲ್ಲೆ #ಎನ್‌ಸಿಸಿ #ಇತಿಹಾಸದಪುಟ #ಕೂಡ್ಲಿಗಿ